ಟಿಕ್ ನಿಂತ ಸಂಜೆ

ಕಾಫಿ ಹೂವಿನ ವಾಸನೆ ಎಷ್ಟು ಚೆನ್ನ ಅನ್ನುವವರೆಲ್ಲ ಕಾರಿನ ಗಾಜು ಇಳಿಸಿಕೊಂಡು ರಸ್ತೆಯಲ್ಲಿ ಹೋಗುವವರು. ತೋಟದೊಳಗೆ ಇರುವವರಿಗೆ ಆ ವಾಸನೆ ಬಂದರೆ ‘ಸದ್ಯ, ಅರಳಿತಲ್ಲ’ ಅನ್ನಿಸುತ್ತದೆ, ಅಷ್ಟೆ. ನನಗೆ ಮಾತ್ರ ಅದರ ಜೊತೆಗೆ ಒಂದು ಹಳೇ ಸಂಜೆಯ ನೆನಪೂ ಏಳುತ್ತದೆ. ಈ ಮಾರ್ಚಿನಲ್ಲಿ ಅದು ಇನ್ನೂ ಜೋರಾಗಿತ್ತು. ಯಾಕೆಂದರೆ ಹೂವು ಅರಳಿದ ವಾರವೇ ನಮ್ಮ ಸೋಲಾರ್ ಬೇಲಿಯ ಹಳೇ ತಂತಿ ಬಿಚ್ಚಿ ಹೊಸದು ಎಳೆಯುವ ಕೆಲಸ ನಡೆದಿತ್ತು. ಬಿಚ್ಚಿದ ತಂತಿಯ ಸುರುಳಿಗಳು ಒಂದೊಂದಾಗಿ ಜಗಲಿಗೆ ಬಂದು ಬೀಳುತ್ತಿದ್ದವು. ಅವುಗಳಲ್ಲಿ ಯಾವುದೋ ಒಂದರಲ್ಲಿ ಒಂದು ಗಂಟು ಇದೆ ಎಂದು ನನಗೆ ಗೊತ್ತಿತ್ತು. ಅದು ಬರುವ ತನಕ ನನಗೆ ಒಳಗೆ ಹೋಗಿ ಒಗ್ಗರಣೆ ಹಾಕಲೂ ಮನಸ್ಸಾಗಲಿಲ್ಲ.

ನಮ್ಮದು ಹಾರಂಗಿ ಹಿನ್ನೀರಿನ ಕಡೆ ಆರೆಕರೆ ರೊಬಸ್ಟಾ ಕಾಫಿ. ಮನೆ ದಿಣ್ಣೆಯ ಮೇಲೆ, ಕೆರೆ ತಗ್ಗಿನಲ್ಲಿ, ಕೆರೆಯಿಂದಾಚೆ ಬೇಲಿ, ಬೇಲಿಯಿಂದಾಚೆ ಕಾಡು. ನಾನು ಶನಿವಾರಸಂತೆ ಕಡೆಯವಳು, ಬಾಯಿ ಸ್ವಲ್ಪ ಜೋರು. ನಮ್ಮೆಜಮಾನರು ಮಂಜಪ್ಪನವರದು ಮಾತು ಕಡಿಮೆ. ಅವರ ಪಾಲಿನ ಮಾತನ್ನೂ ನಾನೇ ಆಡಿ ಮುಗಿಸುತ್ತೇನೆ ಎಂದು ಮಣಿ ನಗುತ್ತಾನೆ. ಮಣಿ ನಮ್ಮಲ್ಲಿ ಪೈಪು, ಇಂಜಿನ್ನು, ಬೇಲಿ ಎಲ್ಲ ನೋಡಿಕೊಳ್ಳುವವನು. ಪಕ್ಕದ ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲಿ ಹುಟ್ಟಿ ಬೆಳೆದವನು, ಮನೆಯಲ್ಲಿ ತಮಿಳು, ನಮ್ಮ ಹತ್ತಿರ ಅವನದೇ ಒಂದು ಕನ್ನಡ. ಇಪ್ಪತ್ತು ವರ್ಷದಿಂದ ಇದ್ದಾನೆ.

ನಾನು ಹೇಳುತ್ತಿರುವುದು ಆರು ವರ್ಷದ ಹಿಂದಿನ ಮಾತು. ಅದರ ಹಿಂದಿನ ಮಳೆಗಾಲ ಮುಗಿದ ಮೇಲೆ ಯಾವುದೋ ಬಂಗಲೆಯಲ್ಲಿ ಹಳೇ ಸಾಮಾನು ಮಾರುತ್ತಿದ್ದಾರೆಂದು ಹೋದ ನಮ್ಮೆಜಮಾನರು ಜೀಪಿನಲ್ಲಿ ಒಂದು ಸ್ಟೀರಿಯೋ ರಿಸೀವರ್ ಹೇರಿಕೊಂಡು ಬಂದರು. ಬೆಳ್ಳಿ ಬಣ್ಣದ ಮುಖ, ಅಂಗೈ ತುಂಬುವ ತಿರುಪು. ಒಂದು ಸಲ ಬೆರಳಲ್ಲಿ ನೂಕಿದರೆ ಮುಳ್ಳು ಈ ಕೊನೆಯಿಂದ ಆ ಕೊನೆಗೆ ತಾನೇ ಓಡುತ್ತದೆ. ಜೊತೆಗೆ ಅಕ್ಕಿ ಡಬ್ಬದಷ್ಟು ದೊಡ್ಡ ಎರಡು ಸ್ಪೀಕರ್. ಎಫ್‌ಎಂ ಸ್ಟೇಷನ್ ಸರಿಯಾಗಿ ಸಿಕ್ಕಿದರೆ ಒಂದು ಕೆಂಪು ದೀಪ ಹತ್ತುತ್ತದೆ. ಮಡಿಕೇರಿ ಸ್ಟೇಷನ್ ಹಿಡಿದು ಆ ದೀಪ ಹತ್ತಿದ ದಿನ ಇವರ ಮುಖ ನೋಡಬೇಕಿತ್ತು. ನನ್ನ ಕೊರಳಿಗೆ ತಾಳಿ ಕಟ್ಟಿದ ದಿನವೂ ಅಷ್ಟು ಬೆಳಕು ಇರಲಿಲ್ಲ.

ಆದರೆ ಇವರಿಗೆ ಬೇಕಾಗಿದ್ದು ಹಾಡಲ್ಲ. ಮೀಡಿಯಂ ವೇವಿನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ಮುಳ್ಳು ತಂದು ನಿಲ್ಲಿಸಿ ಸುಮ್ಮನೆ ಕೂರುವುದು. ದೂರದಲ್ಲೆಲ್ಲೋ ಮಿಂಚಿದಾಗಲೆಲ್ಲ ಸ್ಪೀಕರಿನಲ್ಲಿ ‘ಕರ್’ ಅನ್ನುತ್ತದೆ. ಮೋಡ ಕಣ್ಣಿಗೆ ಕಾಣುವುದಕ್ಕೆ ಎಷ್ಟೋ ಮೊದಲೇ. ಆ ಕರಕರ ಹೆಚ್ಚುತ್ತ ಬಂದರೆ ಗುಡುಗುಮಳೆ ಇತ್ತ ಬರುತ್ತಿದೆ, ಕಡಿಮೆಯಾಗುತ್ತ ಹೋದರೆ ಅತ್ತ ಹೋಯಿತು. ಇದು ಅವರಪ್ಪ ಕೈರೇಡಿಯೋ ಇಟ್ಟುಕೊಂಡು ಕಲಿಸಿದ ವಿದ್ಯೆ. ‘ಮೊಬೈಲಲ್ಲೇ ಮೋಡ ಮಳೆ ಎಲ್ಲ ತೋರಿಸ್ತದಲ್ರೀ’ ಎಂದರೆ, ‘ತೋರಿಸ್ತದೆ, ಬರಲ್ಲ’ ಅನ್ನುತ್ತಿದ್ದರು. ಅದೂ ನಿಜವೇ.

ಇದೆಲ್ಲ ಯಾಕೆ ಬೇಕು ಎಂದರೆ, ರೊಬಸ್ಟಾ ಮೊಗ್ಗಿಗೆ ಬೇಸಿಗೆಯ ಮೊದಲಲ್ಲಿ ಒಂದು ಒಳ್ಳೆಯ ಹೂಮಳೆ ಬೇಕು. ಬರದಿದ್ದರೆ ಕೆರೆಗೆ ಇಂಜಿನ್ ಇಟ್ಟು, ಪೈಪು ಎಳೆದು, ನೀರು ಚಿಮ್ಮಿಸುವ ಜೆಟ್ ಹಾಕಿ ನಾವೇ ಮಳೆ ಮಾಡಬೇಕು. ಹದವಾಗಿ ನೀರು ಸಿಕ್ಕಿದರೆ ಎಂಟೊಂಬತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಅರ್ಧಂಬರ್ಧ ಸಿಕ್ಕಿದರೆ ಮೊಗ್ಗು ಅರಳದೆ ಅಲ್ಲೇ ಕರಟುತ್ತದೆ. ಆ ವರ್ಷ ಕೆರೆಯಲ್ಲಿ ಇದ್ದದ್ದು ಒಂದೇ ಸುತ್ತಿನ ನೀರು. ಇವತ್ತು ಹಾಯಿಸಿ ನಾಳೆ ಮಳೆ ಬಂದರೆ ಕೆರೆ ಬರಿದು ಮಾಡಿದ್ದು ದಂಡ. ಮಳೆ ಬರುತ್ತದೆಂದು ಕಾದು ಬರದಿದ್ದರೆ ಮೊಗ್ಗು ಹೋಯಿತು. ವರ್ಷದ ಬೆಳೆ ಆ ಒಂದು ದಿನದ ತೀರ್ಮಾನದ ಮೇಲೆ ನಿಂತಿತ್ತು.

ಇವರ ವಿದ್ಯೆಗೆ ಇದ್ದ ಒಬ್ಬನೇ ಶತ್ರು ನಮ್ಮದೇ ಬೇಲಿ. ಬೇಲಿಯ ಪೆಟ್ಟಿಗೆ ಸೆಕೆಂಡಿಗೊಂದು ಸಲ ತಂತಿಗೆ ಕರೆಂಟ್ ಬಿಡುತ್ತದೆ. ಆನೆ ಸೊಂಡಿಲು ತಾಗಿಸಿದರೆ ಸಾಯುವುದಿಲ್ಲ, ಆದರೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಹಾಗೆ ಬಿಟ್ಟಾಗಲೆಲ್ಲ ಮೀಡಿಯಂ ವೇವಿನಲ್ಲಿ ‘ಟಿಕ್’. ಟಿಕ್, ಟಿಕ್, ಟಿಕ್, ಹಲ್ಲುನೋವಿನ ಹಾಗೆ, ಬಿಡುವೇ ಇಲ್ಲ. ಅದಕ್ಕೇ ದಿನಕ್ಕೆರಡು ಸಲ ಇವರು ಹಾಲ್‌ನಿಂದ ಕೂಗುವುದು: ‘ಶಾರದಾ, ಬೇಲಿ ಆಫ್ ಮಾಡೇ.’ ನಾನು ಅಡುಗೆಮನೆ ಹಿಂದಿನ ಶೆಡ್ಡಿಗೆ ಹೋಗಿ ಸ್ವಿಚ್ ಕೆಳಗೆ ಮಾಡುವುದು. ಐದು ನಿಮಿಷ ಕೇಳಿ ‘ಆಯ್ತು, ಹಾಕು’ ಅನ್ನುವುದು, ನಾನು ಮತ್ತೆ ಮೇಲೆ ಮಾಡುವುದು. ಹಾಡುಹಗಲು, ಐದು ನಿಮಿಷ, ಅಷ್ಟರಲ್ಲಿ ಏನಾಗುತ್ತದೆ? ಹೀಗೆಂದುಕೊಂಡೇ ಆ ಬೇಸಿಗೆ ಪೂರ್ತಿ ನಡೆಸಿದೆವು. ಬೇರೆ ಯಾರ ಮನೆಯಲ್ಲೂ ಇಂಥ ತಲೆಹರಟೆ ಇರಲಿಕ್ಕಿಲ್ಲ.

ಮೊಗ್ಗು ಹದಕ್ಕೆ ಬಂದ ಮೇಲೆ ಮನೆಯಲ್ಲಿ ಊಟ ರುಚಿಸಲಿಲ್ಲ. ಅಕ್ಕಪಕ್ಕದ ತೋಟಗಳಲ್ಲಿ ಜೆಟ್ ಹಾರುತ್ತಿತ್ತು. ನಮ್ಮವರು ಮಾತ್ರ ರೇಡಿಯೋ ಮುಂದೆ.

‘ಇವತ್ತಾದ್ರೂ ಶುರು ಮಾಡನಾ?’

‘ಕರಕರ ಅಂತಿದೆ ಕಣೆ ಮೈಸೂರು ಕಡೆ. ನಾಳೆ ನೋಡನ.’

‘ನಾಳೆ ನಾಳೆ ಅಂತ ಮೊಗ್ಗು ನಿಮ್ಮ ರೇಡಿಯೋ ಒಳಗೇ ಅರಳ್ತದಾ?’

ತಿರುಪಿನ ಮೇಲೆ ಕೈ, ಕಣ್ಣು ಮುಚ್ಚಿ ಕೂತಿದ್ದಾರೆ. ಸಿಟ್ಟು ಬರುತ್ತಿತ್ತು, ಭಯವೂ ಆಗುತ್ತಿತ್ತು. ಇದರ ಮಧ್ಯೆ ಆನೆಯ ಸುದ್ದಿ ಬೇರೆ. ನಮ್ಮ ಕಡೆ ಊರಿನವರದೊಂದು ವಾಟ್ಸಾಪ್ ಗ್ರೂಪ್ ಇದೆ, ಆನೆ ಎಲ್ಲಿದೆ ಎಂದು ತಿಳಿಸಲಿಕ್ಕೆ. ನಾಲ್ಕು ದಿನದಿಂದ ಒಂದೇ ಸುದ್ದಿ: ‘ಒಂಟಿ ಸಲಗ ಹಿನ್ನೀರಿನ ಕಡೆ ಇದೆ, ಹುಷಾರು.’ ಹಿನ್ನೀರು ಇಳಿದು ಕೆಸರಾಗಿತ್ತು. ಅದಕ್ಕೂ ಬಾಯಾರಿಕೆ.

ಆ ದಿನ ಬೆಳಿಗ್ಗೆ ಇವರು ಮಣಿಯನ್ನು ಕರೆದುಕೊಂಡು ಕೆರೆಗೆ ಇಳಿದರು. ಪೈಪು ಜೋಡಿಸಿ, ಇಂಜಿನ್‌ಗೆ ಡೀಸೆಲ್ ತುಂಬಿ, ಮಧ್ಯಾಹ್ನ ಮೂರಕ್ಕೆ ಫೋನ್ ಮಾಡಿದರು. ‘ಒಂದ್ಸಲ ನೀನೇ ಕೇಳಿ ಹೇಳು. ಸದ್ದಿಲ್ಲ ಅಂದ್ರೆ ಶುರು ಮಾಡ್ತೀವಿ.’

ಮೊದಲ ಸಲ ಆ ಕೆಲಸ ನನ್ನ ಕೈಗೆ ಬಂದಿತ್ತು. ಸುಳ್ಳು ಯಾಕೆ ಹೇಳಲಿ, ಹೆಮ್ಮೆಯಾಯಿತು. ಶೆಡ್ಡಿಗೆ ಹೋಗಿ ಬೇಲಿ ಆಫ್ ಮಾಡಿದೆ. ಬಂದು ಕುರ್ಚಿ ಎಳೆದುಕೊಂಡು ಇವರ ಹಾಗೇ ಕಣ್ಣು ಮುಚ್ಚಿದೆ. ರಿಸೀವರಿನ ಹಿಂದಿನ ಏರಿಯಲ್ ಚೌಕಟ್ಟನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿಸಿದೆ. ಹತ್ತು ನಿಮಿಷ. ಬರೀ ಶ್‌ಶ್ ಅನ್ನುವ ಸದ್ದು, ಒಂದು ಕರಕರ ಇಲ್ಲ.

‘ಏನೂ ಇಲ್ಲ ಕಣ್ರೀ. ಶುರು ಮಾಡಿ.’

‘ಗ್ಯಾರಂಟಿಯಾ?’

‘ನನ್ನ ಕಿವಿಯೇನು ಬಾಡಿಗೆಗೆ ತಂದಿದ್ದಾ?’

ಸ್ವಲ್ಪ ಹೊತ್ತಿಗೆ ತಗ್ಗಿನಿಂದ ಇಂಜಿನ್ ಸದ್ದು ಕೇಳಿಸಿತು. ಕಿಟಕಿಯಿಂದ ನೋಡಿದರೆ ಕಾಫಿ ಗಿಡಗಳ ಮೇಲೆ ಜೆಟ್ಟಿನ ನೀರು ಏಳುತ್ತಿತ್ತು. ನನ್ನ ಮಾತಿನ ಮೇಲೆ ಕೆರೆ ಖಾಲಿಯಾಗುತ್ತಿದೆ. ಮಳೆ ಬಂದುಬಿಟ್ಟರೆ? ಮನಸ್ಸು ಬೇರೆ ಕಡೆ ತಿರುಗಲಿ ಎಂದು ತಿರುಪನ್ನು ಮೆಲ್ಲಗೆ ತಿರುಗಿಸುತ್ತ ಹೋದೆ. ದೂರದ ಒಂದು ಕನ್ನಡ ಸ್ಟೇಷನ್ ಸಿಕ್ಕಿತು, ನಾಟಕ ಬರುತ್ತಿತ್ತು. ತವರಿನ ತಾಮ್ರದ ಹಂಡೆ ಯಾರಿಗೆ ಎಂದು ಅಕ್ಕತಂಗಿಯರ ಜಗಳ. ಆಹಾ, ಎಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು! ಆ ಸ್ಟೇಷನ್ನು ಅಷ್ಟು ಚೆನ್ನಾಗಿ ಕೇಳಿದ್ದೇ ಇಲ್ಲ. ಹವಾ ತಿಳಿಯಾಗಿದೆ, ಮಳೆ ಇಲ್ಲ ಎಂಬುದಕ್ಕೆ ಇದೂ ಒಂದು ಗುರುತು ಎಂದು ನನಗೆ ನಾನೇ ಹೇಳಿಕೊಂಡೆ. ಕಾಫಿ ಮಾಡಿಕೊಂಡು ಬಂದು ಕಾಲು ಚಾಚಿ ಕೂತೆ.

ನಾಟಕದ ಕೊನೆಯಲ್ಲಿ ಅಕ್ಕನಾದವಳು ‘ಹಂಡೆ ನೀನೇ ಇಟ್ಕೋ’ ಎಂದು ಸುಮ್ಮನಾದಳು. ಎರಡು ಮೂರು ಸೆಕೆಂಡು ಯಾರೂ ಮಾತಾಡಲಿಲ್ಲ. ಆ ಮೌನದಲ್ಲಿ ಏನೋ ಕಡಿಮೆಯಿದೆ ಎಂದು ಕಿವಿಗೆ ಗೊತ್ತಾಯಿತು. ತಲೆಗೆ ಗೊತ್ತಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

ಟಿಕ್ ಇಲ್ಲ.

ಗಡಿಯಾರ ನೋಡಿದೆ, ನಾಲ್ಕೂವರೆ ದಾಟಿತ್ತು. ಒಂದೂವರೆ ಗಂಟೆಯಿಂದ ಬೇಲಿ ಸತ್ತು ಬಿದ್ದಿದೆ. ನಾನು ಅದನ್ನೇ ಸುಖ ಅಂದುಕೊಂಡು ಕಾಫಿ ಕುಡಿಯುತ್ತ ಕೂತಿದ್ದೇನೆ. ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು ಹಾಕ! ಶೆಡ್ಡಿಗೆ ಓಡಿದೆ. ಸ್ವಿಚ್ಚಿನ ಮೇಲೆ ಬೆರಳಿಟ್ಟೆ. ಮೇಲೆ ಮಾಡಿಬಿಟ್ಟರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ಆನೆ ಬಂದೇ ಇರಲಿಕ್ಕಿಲ್ಲ.

ಬಂದಿದ್ದರೆ? ಆಗಲೇ ಒಳಗೆ ಬಂದಿದ್ದು, ನಾನು ಈಗ ಕರೆಂಟ್ ಬಿಟ್ಟರೆ? ಹೊರಗೆ ಹೋಗಲು ನೋಡಿ, ತಂತಿ ತಾಗಿ, ಹುಚ್ಚೆದ್ದು ತಿರುಗುತ್ತದೆ. ತಿರುಗಿದರೆ ಎದುರಿಗೆ ಇರುವವರು ಇವರಿಬ್ಬರೇ. ಬೆರಳು ತೆಗೆದೆ. ಮತ್ತೆ ಇಟ್ಟೆ. ಆ ಸ್ವಿಚ್ಚಿನ ಮುಂದೆ ನಿಂತ ಹೊತ್ತಿನಷ್ಟು ಹೆದರಿಕೆ ನನ್ನ ಜನ್ಮದಲ್ಲಿ ಆಗಿಲ್ಲ. ಫೋನ್ ಮಾಡಿದೆ, ಮೂರು ಸಲ. ರಿಂಗಾಗುತ್ತದೆ, ಎತ್ತುವುದಿಲ್ಲ. ಇಂಜಿನ್ ಪಕ್ಕದಲ್ಲಿ ನಿಂತವರಿಗೆ ಫೋನಿರಲಿ, ಗುಂಡು ಹೊಡೆದರೂ ಕೇಳಿಸುವುದಿಲ್ಲ. ಸ್ವಿಚ್ ಹಾಗೇ ಬಿಟ್ಟು ತಗ್ಗಿಗೆ ಓಡಿದೆ.

ಅರ್ಧ ದಾರಿಯಲ್ಲಿ ಜೆಟ್ಟಿಗೆ ನೆನೆದ ಮಣ್ಣು ಶುರುವಾಗುತ್ತದೆ. ಅಲ್ಲಿ ಕಂಡಿತು, ಮೊರದಗಲದ ಹೆಜ್ಜೆ. ಅದರೊಳಗೆ ನೀರು ಇನ್ನೂ ಒಸರುತ್ತಿತ್ತು.

ಮಣಿ ಪೈಪಿನ ವಾಲ್ವ್ ಹತ್ತಿರ ಕಂಬದ ಹಾಗೆ ನಿಂತಿದ್ದ. ನನ್ನನ್ನು ಕಂಡವನೇ ಬೆರಳೆತ್ತಿದ. ‘ಪೇಸಾತೀಂಗ ಅಕ್ಕಾ’, ಮಾತಾಡಬೇಡಿ ಎಂದು ಉಸಿರಿನಲ್ಲೇ ಅಂದ. ಗಾಬರಿಯಲ್ಲಿ ಅವನ ಕನ್ನಡ ಹಾರಿಹೋಗಿತ್ತು. ಗದ್ದದಿಂದ ಕೆಳಗೆ ತೋರಿಸಿದ. ಸಲಗ ಜೆಟ್ಟಿನ ಕೆಳಗೆ ನಿಂತು ಬೆನ್ನಿಗೆ ನೀರು ಬೀಳಿಸಿಕೊಳ್ಳುತ್ತಿತ್ತು. ಅದರಿಂದ ಮೂವತ್ತು ಹೆಜ್ಜೆ ಕೆಳಗೆ ಕೆರೆಯ ದಂಡೆಯಲ್ಲಿ ಇಂಜಿನ್. ಇಂಜಿನ್ ಮುಂದೆ ಇವರು, ಕುಕ್ಕರುಗಾಲಲ್ಲಿ, ನಮಗೂ ಅದಕ್ಕೂ ಬೆನ್ನು ಮಾಡಿ ಏನೋ ಬಿಗಿ ಮಾಡುತ್ತಿದ್ದಾರೆ.

ಕೂಗಬೇಕೆಂದು ಬಾಯಿ ತೆರೆದೆ. ಕೂಗಿದರೆ ಇವರಿಗೆ ಕೇಳುವುದಿಲ್ಲ, ಆನೆಗೆ ಕೇಳುತ್ತದೆ. ಸೆರಗು ಬಾಯಿಗೆ ತುರುಕಿಕೊಂಡೆ.

ಮಣಿ ನನ್ನ ಮುಖ ನೋಡಿದ, ವಾಲ್ವ್ ನೋಡಿದ. ಆಮೇಲೆ ಅದನ್ನು ಮೆಲ್ಲಗೆ ತಿರುಗಿಸತೊಡಗಿದ, ಮಗು ಮಲಗಿದ ಕೋಣೆಯ ಬಾಗಿಲು ಹಾಕುವ ಹಾಗೆ. ಜೆಟ್ಟಿನ ನೀರು ಕುಗ್ಗುತ್ತ ಬಂತು. ಭಾರ ಇಳಿದ ಇಂಜಿನ್ನಿನ ಸದ್ದು ಒಂದಿಷ್ಟೇ ಇಷ್ಟು ಏರಿತು. ನನಗಂತೂ ಗೊತ್ತಾಗುವಷ್ಟೂ ಅಲ್ಲ. ಆದರೆ ಇವರ ತಲೆ ಎದ್ದಿತು. ಇಡೀ ಬೇಸಿಗೆ ಇಲ್ಲದ ಸದ್ದಿಗೆ ಕಿವಿ ಕೊಟ್ಟು ಕೂತ ಮನುಷ್ಯ! ಬೈದಿದ್ದೆನಲ್ಲ ಎಂದು ಆಗಲೇ ಕಣ್ಣಲ್ಲಿ ನೀರು ಬಂತು.

ತಟ್ಟನೆ ತಿರುಗಲಿಲ್ಲ ಪುಣ್ಯಾತ್ಮ. ಮೆಲ್ಲಗೆ ಕತ್ತು ಹೊರಳಿಸಿ ಕಂಡರು. ಅಷ್ಟರಲ್ಲಿ ನೀರು ನಿಂತಿದ್ದಕ್ಕೆ ಸಲಗಕ್ಕೆ ಸಿಟ್ಟು ಬಂದಿತ್ತು. ಕಿವಿ ಅಗಲಿಸಿ ಇಂಜಿನ್ ಕಡೆ ಮುಖ ಮಾಡಿತು. ಇವರು ಕೂತಲ್ಲಿಂದಲೇ ಹಿಂದಕ್ಕೆ ಜಾರುತ್ತ ಕೆರೆಗೆ ಇಳಿದರು. ಮೊಳಕಾಲು, ಸೊಂಟ, ಎದೆ. ಇವರಿಗೆ ಈಜು ಬಾರದು. ಆನೆ ಇಂಜಿನ್ ತನಕ ಬಂದು ಸೊಂಡಿಲು ಚಾಚಿ ಸೈಲೆನ್ಸರ್ ಮುಟ್ಟಿತು. ಕಾದ ಕಬ್ಬಿಣ. ಒಂದೇ ಕಿರುಚು, ಪೈಪುಗಳನ್ನು ಎತ್ತಿ ಎಸೆದು, ತುಳಿದು, ಗೇಟಿನ ಕಡೆ ಓಡಿತು.

ಗೇಟು ಎಂದರೆ ಜೀಪಿನ ದಾರಿಗೆ ಅಡ್ಡ ಕೊಕ್ಕೆ ಹಾಕಿದ ಮೂರು ಸ್ಪ್ರಿಂಗ್ ತಂತಿ. ಬರುವಾಗ ಅದೇ ಎಳೆದು ಬೀಳಿಸಿದ್ದು. ದಾಟಿಕೊಂಡು ಕಾಡಿಗೆ ಹೋಯಿತು. ಕರೆಂಟ್ ಇದ್ದಿದ್ದರೆ ಅಲ್ಲಿಂದಲೇ ನಮ್ಮ ಕಡೆ ತಿರುಗುತ್ತಿತ್ತು.

ಇವರು ಮೇಲೆ ಬಂದು ಇಂಜಿನ್ ಆಫ್ ಮಾಡಿದರು. ಮಣಿ ಚೆಲ್ಲಾಪಿಲ್ಲಿಯಾದ ಪೈಪು ನೋಡಲು ಆ ಕಡೆ ಹೋದ. ಇವರು ಗೇಟಿನ ತಂತಿ ಸಿಕ್ಕಿಸಲು ಬಗ್ಗಿ, ಪ್ಲಾಸ್ಟಿಕ್ ಹಿಡಿ ಬಿಟ್ಟು, ಬರೀ ತಂತಿಯನ್ನೇ ಒದ್ದೆ ಕೈಯಲ್ಲಿ ಹಿಡಿದರು. ಹಿಡಿದ ಮೇಲೆ ಕೈ ಅಲ್ಲೇ ನಿಂತಿತು. ಶಾಕ್ ಇಲ್ಲ. ನನ್ನ ಕಡೆ ನೋಡಲಿಲ್ಲ. ಮೂರೂ ತಂತಿಯನ್ನು ನಿಧಾನವಾಗಿ ಸಿಕ್ಕಿಸಿದರು.

‘ರೇಡಿಯೋ ಹಾಕೇ ಬಂದ್ಯಾ?’

‘ಹೂಂ.’

‘ನಾನು ಮುಂದೆ ಹೋಗಿರ್ತೀನಿ. ನೀನು ಮಣಿ ಜೊತೆ ಬಾ.’

ನಾನು ಮನೆ ಮುಟ್ಟಿದಾಗ ಸ್ವಿಚ್ ಮೇಲಿತ್ತು. ಹಾಲ್‌ನಿಂದ ಟಿಕ್, ಟಿಕ್ ಕೇಳುತ್ತಿತ್ತು. ಇವರು ತಲೆ ಒರೆಸಿಕೊಳ್ಳುತ್ತಿದ್ದರು. ಬೈದರೆ ಬೈಯಲಿ ಎಂದು ಕಾದೆ. ‘ಊಟಕ್ಕೆ ಏನು ಮಾಡಿದ್ದೀಯ’ ಎಂದರು.

ಮಾರನೇ ದಿನ ಬೆಳಿಗ್ಗೆ ಮಣಿ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತ ಕೇಳಿಯೇ ಬಿಟ್ಟ. ‘ಅಣ್ಣಾ, ಕರೆಂಟ್ ಇದ್ರೆ ಅದು ಗೇಟ್ ಮುಟ್ತದಾ? ಹೆಂಗೆ ಬಂತು ಒಳಗೆ?’ ನಾನು ಬಾಗಿಲ ಹಿಂದೆ ಕಲ್ಲಾದೆ.

‘ಎಲ್ಲೋ ತಂತಿ ಕಡಿದಿರ್ಬೇಕು. ನಾನು ನೋಡ್ಕೊಂಡ್ ಬರ್ತೀನಿ, ನೀನು ಪೈಪ್ ಜೋಡ್ಸು’ ಎಂದು ಇವರು ಒಬ್ಬರೇ ಹೊರಟರು.

ತಪ್ಪು ನನ್ನದು, ಹೇಳಿಬಿಡಬೇಕು, ಇಬ್ಬರ ಜೀವ ಹೋಗುತ್ತಿತ್ತು ಎಂದು ರಾತ್ರಿಯೆಲ್ಲ ಒದ್ದಾಡಿದ್ದೆ. ಅಕ್ಕಿರೊಟ್ಟಿ ಕಟ್ಟಿಕೊಂಡು ಹಿಂದೆಯೇ ಹೋದೆ. ಹಲಸಿನ ಮರದ ಮೂಲೆಯಲ್ಲಿ ಇವರು ಕಂಡರು. ಬೇಲಿ ಆಫ್ ಮಾಡಿಯೇ ಬಂದಿದ್ದರೇನೋ, ಎಡಗೈಯಲ್ಲಿ ನಡುವಿನ ತಂತಿ ಹಿಡಿದಿದ್ದರು, ಬಲಗೈಯಲ್ಲಿ ಕಟಿಂಗ್ ಪ್ಲೇಯರ್. ಆ ಕಡೆ ಈ ಕಡೆ ನೋಡಿ, ಗಟ್ಟಿಯಾಗಿದ್ದ ತಂತಿಯನ್ನು ಕಟ್ ಎಂದು ಕತ್ತರಿಸಿದರು. ತುದಿ ಸುರುಳಿಯಾಗಿ ಹಿಂದಕ್ಕೆ ಹಾರಿತು. ಪ್ಲೇಯರ್ ಜೇಬಿಗೆ ಹಾಕಿಕೊಂಡು, ಒಂದು ಬೀಡಿ ಸೇದುವಷ್ಟು ಹೊತ್ತು ಸುಮ್ಮನೆ ನಿಂತು, ಆಮೇಲೆ ಕೂಗಿದರು. ‘ಮಣಿ! ಸಿಕ್ತು ಬಾರೋ. ಇಲ್ಲಿ ಕಿತ್ತಾಕಿದೆ ನೋಡು.’

ಕಾಫಿ ಗಿಡದ ಮರೆಯಲ್ಲಿ ರೊಟ್ಟಿ ಗಂಟು ಹಿಡಿದು ಕೂತುಬಿಟ್ಟೆ. ಮಣಿ ಬಂದ, ತುದಿ ನೋಡಿದ, ಹೌದೆಂದು ತಲೆಯಾಡಿಸಿ ‘ಆಮಾ ಅಣ್ಣಾ’ ಎಂದ, ಗಂಟು ಹಾಕಿದ. ನಾನು ಸದ್ದಿಲ್ಲದೆ ವಾಪಸು ಬಂದು, ಅರ್ಧ ಗಂಟೆ ಬಿಟ್ಟು ಆಗ ತಾನೇ ಬಂದವಳ ಹಾಗೆ ರೊಟ್ಟಿ ಕೊಟ್ಟೆ. ಅವತ್ತು ಇವರ ಮೇಲೆ ಬಂದಷ್ಟು ಪ್ರೀತಿ ನನಗೆ ಮತ್ತೆಂದೂ ಬಂದಿಲ್ಲ. ಅಷ್ಟೇ ನಾಚಿಕೆಯೂ ಆಯಿತು. ಎರಡನ್ನೂ ಹೇಳಲಿಲ್ಲ.

ಮಳೆ ಬರಲಿಲ್ಲ, ನನ್ನ ಕಿವಿ ಸುಳ್ಳಾಗಲಿಲ್ಲ. ಮೇಲಿನ ನಾಲ್ಕು ಎಕರೆ ಬೆಳ್ಳಗಾಯಿತು. ಕೆಳಗಿನ ಎರಡು ಎಕರೆಗೆ ಅರ್ಧ ನೀರು ಸಿಕ್ಕಿ ಮೊಗ್ಗು ಕರಟಿತು. ಕೇಳಿದವರಿಗೆಲ್ಲ ‘ಆನೆ ಪೈಪ್ ಒಡೀತು’ ಎಂದರು ಇವರು. ಆಮೇಲೆ ಯಾವತ್ತೂ ‘ಬೇಲಿ ಆಫ್ ಮಾಡೇ’ ಎಂದು ಕೂಗಲಿಲ್ಲ. ಟಿಕ್ ಮಧ್ಯೆಯೇ ಕಿವಿ ಕೊಟ್ಟು ಮಿಂಚು ಹುಡುಕುತ್ತಾರೆ. ಆರು ವರ್ಷವಾಯಿತು.

ಈ ಮಾರ್ಚಿನಲ್ಲಿ ಮಣಿ ಕೊನೆಯ ಸುರುಳಿ ತಂದು ಜಗಲಿಯ ಮೇಲೆ ಹಾಕಿದ. ಗಂಟು ಮೇಲೆಯೇ ಇತ್ತು. ಇವರು ಒಳಗೆ ರೇಡಿಯೋ ಮುಂದೆ. ನನ್ನ ಬಾಯಿ ತಾನಾಗಿಯೇ ತೆರೆಯಿತು.

‘ಮಣಿ, ಅವತ್ತು ಬೇಲಿ ಆಫ್ ಮಾಡಿ ಮರೆತೋಳು ನಾನು ಕಣೋ. ನಾಟಕ ಕೇಳ್ತಾ ಕೂತಿದ್ದೆ. ನಿನಗೇನಾದ್ರೂ ಆಗಿದ್ರೆ ನಿನ್ನ ಹೆಂಡ್ತಿಗೆ ಏನಂತ ಹೇಳ್ಬೇಕಿತ್ತು ನಾನು?’

ಮಣಿ ಗಂಟನ್ನು ಕೈಗೆತ್ತಿಕೊಂಡು ಬಿಚ್ಚಿದ. ಎರಡೂ ತುದಿ ನನ್ನ ಮುಂದೆ ಹಿಡಿದ. ‘ಅಕ್ಕಾ, ಆನೆ ಎಳೆದ್ರೆ ತಂತಿ ತುದಿ ಸಣ್ಣ ಆಗಿ, ಚೂಪಾಗಿ ಕಡೀತದೆ. ಇದು ನೋಡು, ಚಪ್ಪಟೆ. ಪ್ಲೇಯರ್ ಬಾಯಿ. ಗಂಟು ಹಾಕೋವಾಗ್ಲೇ ಗೊತ್ತು ನಂಗೆ.’

‘ಗೊತ್ತಿದ್ದೂ ಆರು ವರ್ಷ ಸುಮ್ನಿದ್ಯಾ?’

‘ಅಣ್ಣ ಅಷ್ಟು ಕಷ್ಟಪಟ್ಟು ಕಟ್ ಮಾಡಿದಾರೆ. ನಾನು ಹೆಂಗೆ ಇಲ್ಲ ಅಂತ ಹೇಳೋದು?’

ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಮಣಿ ತಲೆ ತಗ್ಗಿಸಿ ತಂತಿಯ ತುಂಡನ್ನು ಸುತ್ತತೊಡಗಿದ. ಆಗ ಒಳಗಿನಿಂದ ಇವರು ಕೂಗಿದರು.

‘ಶಾರದಾ, ಹೊಸ ತಂತಿ ಎಳೆದಾಯ್ತಾ?’

‘ಆಯ್ತಂತೆ.’

‘ಹಂಗಾದ್ರೆ ಬೇಲಿ ಹಾಕೇ. ಟಿಕ್ ಇಲ್ದೆ ನಂಗೆ ಏನೂ ಕೇಳಿಸ್ತಿಲ್ಲ.’

ಕಣ್ಣೊರೆಸಿಕೊಂಡು ಶೆಡ್ಡಿಗೆ ಹೋದೆ. ಸ್ವಿಚ್ ಮೇಲೆ ಮಾಡಿ, ಒಳಗಿನಿಂದ ಟಿಕ್ ಕೇಳಿಸುವವರೆಗೂ ಅಲ್ಲೇ ನಿಂತಿದ್ದೆ.